ಗೀಸರ್ ಕೆಟ್ಟರೆ ಯಾರಿಗೆ ಫೋನ್ ಮಾಡೋದು? ಕಂಪನಿ, ಆಪ್, ಏರಿಯಾದ ಪ್ಲಂಬರ್: ಮೂವರನ್ನೂ ಕರೆಸಿ ನೋಡಿದ್ದು

ನಮ್ಮ ಮನೆ ಮೈಸೂರಿನ ಬೋಗಾದಿ ಕಡೆ, ರಿಂಗ್ ರೋಡ್ ದಾಟಿದ ಮೇಲೆ ಸಿಗುವ ಒಂದು ಬಡಾವಣೆಯಲ್ಲಿದೆ. ಸ್ನಾನಕ್ಕೆ, ಬಟ್ಟೆಗೆ ಬೋರ್‌ವೆಲ್ ನೀರೇ. ತಾರಸಿ ಮೇಲೆ ಸೋಲಾರ್, ಬಚ್ಚಲುಮನೆಯಲ್ಲಿ 15 ಲೀಟರ್ ಗೀಸರ್, ಅತ್ತೆಯವರ ರೂಮಿನಲ್ಲಿ ಒಂದು ಎಸಿ. ಇಷ್ಟೆಲ್ಲ ಇದ್ದ ಮೇಲೆ ಒಂದಲ್ಲ ಒಂದು ರಿಪೇರಿಗೆ ಬರುತ್ತಲೇ ಇರುತ್ತದೆ. ಹೊಸದಾಗಿ ಮನೆ ಕಟ್ಟಿಕೊಂಡು ಬಂದವರು ‘ಯಾರನ್ನ ಕರೀತೀರ?’ ಅಂತ ಕೇಳುತ್ತಾರೆ. ಒಬ್ಬರ ಹೆಸರು ಹೇಳಿ ಮುಗಿಸೋಕೆ ಆಗಲ್ಲ. ಏನು ಕೆಟ್ಟಿದೆ ಅನ್ನೋದರ ಮೇಲೆ ಹೋಗುತ್ತದೆ.

ಗೀಸರ್‌ನಿಂದಲೇ ಶುರು ಮಾಡುತ್ತೇನೆ, ನಮ್ಮ ಕಡೆ ಜಾಸ್ತಿ ಕೆಡುವುದು ಅದೇ. ಗಡಸು ನೀರು ಕಾದಾಗ ಅದರಲ್ಲಿರುವ ಸುಣ್ಣ, ನೀರು ಕಾಯಿಸುವ ಎಲಿಮೆಂಟ್‌ಗೆ ಅಂಟಿಕೊಳ್ಳುತ್ತದೆ. ಪದರ ದಪ್ಪ ಆದಂತೆ ಶಾಖ ನೀರಿಗೆ ಇಳಿಯುವುದಿಲ್ಲ, ಎಲಿಮೆಂಟೇ ಕಾದು ಬಿರುಕು ಬಿಡುತ್ತದೆ. 2 ಕಿಲೋವ್ಯಾಟ್ ಗೀಸರ್ 15 ಲೀಟರ್ ನೀರನ್ನು ಹದಿನೈದು ಇಪ್ಪತ್ತು ನಿಮಿಷದಲ್ಲಿ ಚೆನ್ನಾಗಿ ಕಾಯಿಸಬೇಕು. ಅರ್ಧ ಗಂಟೆ ಆದರೂ ಬೆಚ್ಚಗೇ ಇದೆ, ಒಳಗೆ ಚಟಚಟ ಸದ್ದು ಬರುತ್ತಿದೆ ಅಂದರೆ ಸುಣ್ಣ ಕಟ್ಟಿದೆ ಅಂತಲೇ ಲೆಕ್ಕ.

ನಮ್ಮದು ಅದನ್ನೂ ದಾಟಿತ್ತು. ಗೀಸರ್ ಸ್ವಿಚ್ ಹಾಕಿದರೆ ಸಾಕು, ಇಡೀ ಮನೆಯ ಕರೆಂಟ್ ಹೋಗುತ್ತಿತ್ತು. ಮೊದಲು ಮನೆ ರಿಪೇರಿಗೆ ಜನ ಕಳಿಸುವ ಆಪ್‌ನಲ್ಲಿ ಬುಕ್ ಮಾಡಿದೆ. ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮೀಟರ್ ಬೋರ್ಡ್ ತೆಗೆದು ನೋಡಿ, ‘ಮೇಡಂ, ಈ ಆರ್‌ಸಿಸಿಬಿ ಸುಮ್ನೆ ಟ್ರಿಪ್ ಆಗ್ತಿದೆ, ಬೈಪಾಸ್ ಮಾಡಿಬಿಡ್ತೀನಿ’ ಅಂದರು. ನಾನು ಒಪ್ಪಲಿಲ್ಲ. ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್. ಮನೆಗಳಿಗೆ ಹಾಕುವಂಥದ್ದು 30 ಮಿಲಿ ಆಂಪಿಯರ್‌ನಷ್ಟು ಕರೆಂಟ್ ಸೋರಿದರೂ ಲೈನ್ ಕಡಿಯಬೇಕು. ಒದ್ದೆ ಮೈಯಲ್ಲಿ ಷವರ್ ಕೆಳಗೆ ನಿಂತವರ ಜೀವ ಉಳಿಸುವುದು ಅದೇ. ಅದನ್ನು ತೆಗೆಯೋಣ ಅನ್ನುವವರ ಕೈಗೆ ನಾನಂತೂ ಮನೆಯ ಬೋರ್ಡ್ ಕೊಡುವುದಿಲ್ಲ.

ಆಮೇಲೆ ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ ಬಂದರು. ಈ ಬೀದಿಯ ಅರ್ಧ ಮನೆಗಳ ವೈರಿಂಗ್ ಅವರದ್ದೇ. ಗೀಸರ್‌ನ ವೈರ್ ಕಳಚಿ ಆರ್‌ಸಿಸಿಬಿ ಮೇಲೆತ್ತಿದರು, ನಿಂತಿತು. ಎಲಿಮೆಂಟ್‌ಗೂ ಅದರ ಬಾಡಿಗೂ ಮಧ್ಯೆ ಕರೆಂಟ್ ಸೋರಿಕೆ ಪತ್ತೆ ಮಾಡುವ ಮೆಗ್ಗರ್ ಮೀಟರ್ ಇಟ್ಟು, ಮುಳ್ಳು ಸೊನ್ನೆಯ ಹತ್ತಿರ ಬಿದ್ದದ್ದನ್ನು ನನಗೂ ತೋರಿಸಿದರು. ‘ಅಕ್ಕಾ, ಎಲಿಮೆಂಟ್ ಒಡೆದಿದೆ. ನಾನೂ ಹಾಕಿಕೊಡ್ತೀನಿ, ಆದ್ರೆ ವಾರಂಟಿ ಇದ್ರೆ ಕಂಪನಿಯವರನ್ನೇ ಕರೀರಿ’ ಅಂದರು. ಸಿಗುವ ಕೆಲಸವನ್ನು ಬಿಟ್ಟು ಹೀಗೆ ಹೇಳುವವರು ಇದ್ದಾರಲ್ಲ, ಅವರ ನಂಬರ್ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಕಂಪನಿಯವರು ಬರೋಕೆ ತಡ ಮಾಡಿದರು. ಕಸ್ಟಮರ್ ಕೇರ್‌ಗೆ ಮತ್ತೆ ಮತ್ತೆ ಫೋನ್ ಮಾಡಬೇಕಾಯಿತು. ಆದರೆ ಬಂದವರಿಗೆ ಕೆಲಸ ಗೊತ್ತಿತ್ತು. ತಳದ ಮುಚ್ಚಳ (ಫ್ಲಾಂಜ್) ಬಿಚ್ಚಿದರೆ ಒಂದು ಬೋಗುಣಿ ತುಂಬ ಬಿಳಿ ಪುಡಿ, ಚಕ್ಕೆ. ಮೆಗ್ನೀಸಿಯಂ ರಾಡ್ ತೆಗೆದರು. ಹೆಬ್ಬೆರಳ ಗಾತ್ರದ್ದು ಸವೆದು ಸವೆದು ಬರೀ ತಂತಿ ಉಳಿದಿತ್ತು. ಟ್ಯಾಂಕ್‌ಗೆ ತುಕ್ಕು ಹಿಡಿಯದ ಹಾಗೆ ತಾನೇ ಕರಗುವುದು ಆ ರಾಡ್‌ನ ಕೆಲಸ. ಅದು ಮುಗಿದ ಮೇಲೆ ಟ್ಯಾಂಕ್ ಸವೆಯಲು ಶುರು. ಎಲಿಮೆಂಟ್, ರಾಡ್, ಗ್ಯಾಸ್ಕೆಟ್ ಮೂರನ್ನೂ ಒರಿಜಿನಲ್ ಹಾಕಿದರು, ಬಿಲ್ ಕೊಟ್ಟರು. ವಾರಂಟಿ ಇರುವ ಗೀಸರ್‌ಗೆ ಕಂಪನಿಯೇ ಸರಿ. ಬಿಲ್ ಮೇಲೆ ಯಾವ ಭಾಗ ಬದಲಾಯಿತು ಅಂತ ಬರೆಸಿಕೊಳ್ಳಿ, ಹಳೇ ಭಾಗ ಕೇಳಿ ಇಟ್ಟುಕೊಳ್ಳಿ.

ಎಸಿಗೆ ಮಾತ್ರ ನನ್ನ ಓಟು ಆಪ್‌ಗೆ. ಬೇಸಿಗೆಗೆ ಮುಂಚೆ ಮಾಡಿಸುವ ಸರ್ವಿಸ್ ಅಂದರೆ ಫಿಲ್ಟರ್, ಕಾಯಿಲ್ ತೊಳೆಯುವುದು, ಡ್ರೈನ್ ಪೈಪ್ ಊದಿಸುವುದು, ಹೊರಗಿನ ಯೂನಿಟ್‌ಗೆ ನೀರು ಹೊಡೆಯುವುದು. ಇದಕ್ಕೆ ಕಂಪನಿಯೇ ಬೇಕು ಅಂತಿಲ್ಲ. ಆಪ್‌ನವರು ಗೋಡೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಒಂದು ಹನಿ ಹಾಸಿಗೆ ಮೇಲೆ ಬೀಳದ ಹಾಗೆ ತೊಳೆದುಕೊಟ್ಟರು. ರೇಟ್ ಮೊದಲೇ ಗೊತ್ತಿರುತ್ತದೆ, ಬರುವವರ ಫೋಟೋ, ಹೆಸರು ಫೋನಿಗೆ ಬಂದಿರುತ್ತದೆ. ಮನೆಯಲ್ಲಿ ಹೆಂಗಸರು, ವಯಸ್ಸಾದವರು ಮಾತ್ರ ಇರುವ ಹೊತ್ತಲ್ಲಿ ಇದು ದೊಡ್ಡ ಸಮಾಧಾನ.

‘ಗ್ಯಾಸ್ ಕಮ್ಮಿ ಇದೆ, ತುಂಬಿಸೋಣ’ ಅಂದಾಗ ಮಾತ್ರ ಹುಷಾರು. ಎಸಿ ಗ್ಯಾಸ್ ಗಾಡಿಯ ಪೆಟ್ರೋಲ್ ಥರ ಓಡಿದಂತೆಲ್ಲ ಖರ್ಚಾಗುವುದಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಗೇಜ್ ಹಾಕಿ ತೋರಿಸಿ, ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ, ಮೊದಲು ಅದನ್ನು ಮುಚ್ಚಿ ಅಂತ ನಾನು ಹೇಳಿದೆ. ಗೇಜ್ ಹಾಕಿದರು, ಪ್ರೆಶರ್ ಸರಿಯಾಗೇ ಇತ್ತು. ತೊಳೆದ ಮೇಲೆ ರೂಮು ಮೊದಲಿನ ಹಾಗೆ ತಣ್ಣಗಾಯಿತು.

ಪ್ಲಂಬಿಂಗ್‌ಗೆ ಏರಿಯಾದವರನ್ನು ಬಿಟ್ಟರೆ ಇನ್ಯಾರೂ ಆಗಲ್ಲ. ಗೋಡೆಯೊಳಗೆ ಪೈಪ್ ಎಲ್ಲಿ ಹೋಗಿದೆ ಅಂತ ಅದನ್ನು ಹಾಕಿದವರಿಗೇ ಗೊತ್ತು. ನಮ್ಮ ಸೋಲಾರ್‌ನಲ್ಲಿ ನೀರು ಕೊತಕೊತ ಕಾದಿದ್ದರೂ ನಲ್ಲಿಯಲ್ಲಿ ಸಣ್ಣಗೆ ಬಂದು ನಿಲ್ಲುತ್ತಿತ್ತು. ಕಂಪನಿಯವರು ಬಂದು ‘ಟ್ಯಾಂಕ್, ಟ್ಯೂಬ್ ಎಲ್ಲ ಸರಿ ಇದೆ, ಲೈನ್ ನಮ್ಮದಲ್ಲ’ ಅಂತ ಹೇಳಿ ವಿಸಿಟ್ ಚಾರ್ಜ್ ತಗೊಂಡು ಹೋದರು. ನಮ್ಮ ಪ್ಲಂಬರ್ ತಾರಸಿ ಹತ್ತಿ ಬಿಸಿನೀರಿನ ಪೈಪ್ ಒಂದು ಕಡೆ ಮೇಲೆದ್ದು ಇಳಿದಿರುವುದನ್ನು ನೋಡಿದರು. ಆ ಉಬ್ಬಿನಲ್ಲಿ ಗಾಳಿ ಕೂತಿತ್ತು. ಪೈಪ್ ಇಳಿಜಾರಾಗಿ ತಿದ್ದಿ, ಏರ್ ವೆಂಟ್ ಪೈಪನ್ನು ಮೇಲಿನ ತಣ್ಣೀರಿನ ಟ್ಯಾಂಕ್‌ಗಿಂತ ಎತ್ತರಿಸಿದರು. ಅವತ್ತಿನಿಂದ ತೊಂದರೆ ಇಲ್ಲ.

‘ಸಾಯಂಕಾಲ ಬರ್ತೀನಿ ಅಕ್ಕಾ’ ಅಂದ ಸಾಯಂಕಾಲ ಮರುದಿನಕ್ಕೋ ಅದರ ಮರುದಿನಕ್ಕೋ ಆಗುತ್ತದೆ, ಅದು ನಿಜ. ಬಿಲ್ ಇರುವುದಿಲ್ಲ. ಸಾಮಾನು ನೀವೇ ತಂದುಕೊಡುವುದು ಒಳ್ಳೇದು. ಬಿಸಿನೀರಿನ ಲೈನ್‌ಗೆ ಕೆನೆ ಬಣ್ಣದ ಸಿಪಿವಿಸಿ ಪೈಪೇ ಆಗಬೇಕು. ಮಾರ್ಚ್ ಏಪ್ರಿಲ್ ಬಿಸಿಲಿಗೆ ಸೋಲಾರ್ ನೀರು ಎಷ್ಟು ಸುಡುತ್ತದೆ ಅಂದರೆ, ಬಿಳಿ ಯುಪಿವಿಸಿ ಹಾಕಿದರೆ ಮೆತ್ತಗಾಗಿ ಜಾಯಿಂಟ್ ಬಿಟ್ಟುಕೊಳ್ಳುತ್ತದೆ.

ಕರೆಂಟ್ ವಿಷಯದಲ್ಲಿ ಯಾರನ್ನೂ ಕರೆಯುವ ಮುಂಚೆ ಒಂದು ನೋಡಿ. ಪಕ್ಕದ ಮನೆಯಲ್ಲೂ ಲೈಟ್ ಮಂಕಾಗುವುದು, ಮತ್ತೆ ಜೋರಾಗುವುದು ಮಾಡುತ್ತಿದ್ದರೆ ತೊಂದರೆ ನಿಮ್ಮ ಮನೆಯದ್ದಲ್ಲ. ಮೇನ್ ಆಫ್ ಮಾಡಿ, ನಮ್ಮ ಕಡೆ ಕರೆಂಟ್ ಕೊಡುವ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ. ಕಂಬದಲ್ಲಿ ನ್ಯೂಟ್ರಲ್ ವೈರ್ ಬಿಟ್ಟಿದ್ದರೆ ವೋಲ್ಟೇಜ್ ಏರಿ ಟಿವಿ, ಫ್ರಿಡ್ಜ್ ಸುಡಬಹುದು. ಮೀಟರ್‌ನಿಂದ ಈಚೆ ಎಲ್ಲವೂ ನಮ್ಮ ಜವಾಬ್ದಾರಿ. ಎಸಿ, ಗೀಸರ್ ಸೇರಿಸಿ ಲೋಡ್ ಜಾಸ್ತಿ ಮಾಡಿಸುವುದಿದ್ದರೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕವೇ ಮಾಡಿಸಿ.

ಈಗ ನಮ್ಮ ಮನೆಯಲ್ಲಿ ಎಸಿ ತೊಳೆಯೋಕೆ ಆಪ್, ವಾರಂಟಿ ಮುಗಿಯುವವರೆಗೆ ಗೀಸರ್‌ಗೆ ಕಂಪನಿ. ಪೈಪು, ವೈರು, ಸೋಲಾರ್ ಲೈನ್ ಏರಿಯಾದ ಅಣ್ಣಂದಿರಿಗೆ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ನೆಲ ಒಣಗಿದಾಗ, ಎಲೆಕ್ಟ್ರಿಷಿಯನ್ ಹತ್ತಿರ ಅರ್ಥಿಂಗ್ ಚೆಕ್ ಮಾಡಿಸಿ ಗುಂಡಿಗೆ ನೀರು ಹಾಕಿಸುತ್ತೇವೆ. ಅದೇ ದಿನ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಕರೆಂಟ್ ಹೋಗುತ್ತದಾ ಅಂತಲೂ ನೋಡುತ್ತೇವೆ. ಆ ಬಟನ್ ಒತ್ತೋಕೆ ಯಾರೂ ಬರಬೇಕಿಲ್ಲ, ಇವತ್ತೇ ಒತ್ತಿ ನೋಡಿ.