ಎಸ್‌ಟಿಪಿ ವಾಸನೆಗೆ ಮೂರು ಬಗೆಯ ಕಾರ್ಬನ್: ನನ್ನ ಮತ ಅಯೋಡೈಡ್‌ಗೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ, ಬೇಸ್‌ಮೆಂಟಿನಲ್ಲಿದೆ. ಅದರ ಕಲೆಕ್ಷನ್ ಟ್ಯಾಂಕಿನಿಂದ ಏಳುವ ಕೊಳೆತ ಮೊಟ್ಟೆಯ ವಾಸನೆಯನ್ನು, ಅಂದರೆ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು, ಹಿಡಿದಿಡಲು ಕರಟದಿಂದ ಮಾಡಿದ ಸಾದಾ ಆಕ್ಟಿವೇಟೆಡ್ ಕಾರ್ಬನ್ (ಸೂಕ್ಷ್ಮ ರಂಧ್ರಗಳಲ್ಲಿ ಅನಿಲ ಹಿಡಿಯುವ ಇದ್ದಿಲು), ಕಾಸ್ಟಿಕ್ ಸೋಡಾ ಉಣಿಸಿದ್ದು ಮತ್ತು ಪೊಟ್ಯಾಸಿಯಂ ಅಯೋಡೈಡ್ ಉಣಿಸಿದ್ದು, ಈ ಮೂರನ್ನೂ ಬ್ಲೋವರ್ ಟ್ಯಾಂಕಿನ ಗಾಳಿಯನ್ನು ಪೈಪಿನ ಮೂಲಕ ಹಾಯಿಸುವ ಒಂದೇ ಡ್ರಮ್ಮಿನಲ್ಲಿ ಒಂದಾದ ಮೇಲೊಂದರಂತೆ ಬಳಸಿ ನೋಡಿದ್ದೇವೆ. ಈಗ ಮೂರನೆಯದನ್ನೇ ತರಿಸುತ್ತಿದ್ದೇವೆ. ಎಲ್ಲಕ್ಕಿಂತ ದುಬಾರಿಯೂ ಅದೇ.

ಸಾದಾ ಕಾರ್ಬನ್ ಮಾರುವವರು ಅಯೋಡಿನ್ ನಂಬರನ್ನೇ (ಕಾರ್ಬನ್ ಎಷ್ಟು ಅಯೋಡಿನ್ ಹೀರುತ್ತದೆ ಎಂಬ ಅಳತೆಯನ್ನೇ) ಮುಂದಿಟ್ಟು ಮಾತಾಡುತ್ತಾರೆ. ಆ ಸಂಖ್ಯೆ ಸೂಕ್ಷ್ಮ ರಂಧ್ರಗಳ ಅಂದಾಜು ಕೊಡುತ್ತದೆಯೇ ಹೊರತು, ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುವ ಇಂಥ ಹಗುರ ಅನಿಲ ಆ ರಂಧ್ರಗಳಲ್ಲಿ ನಿಲ್ಲುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಪೇಂಟಿನ ಥಿನ್ನರ್ ಆವಿಗೆ ಸಾದಾ ಕಾರ್ಬನ್ ಸಾಕು, ಇದಕ್ಕೆ ಸಾಲದು.

ಕಾಸ್ಟಿಕ್ ಕಾರ್ಬನ್ನಿನ ಕೆಲಸದ ಬಗ್ಗೆ ದೂರಿಲ್ಲ. ರಂಧ್ರಗಳೊಳಗಿನ ತೇವ ಕ್ಷಾರೀಯವಾಗಿರುವುದರಿಂದ, ಆಮ್ಲಗುಣದ ಈ ಅನಿಲ ಅದರಲ್ಲಿ ಬೇಗ ಕರಗಿ, ಗಾಳಿಯ ಆಮ್ಲಜನಕದ ನೆರವಿನಿಂದ ಬಹುಪಾಲು ಗಂಧಕವಾಗುತ್ತದೆ. ತಕರಾರು ಇರುವುದು ನೀರಿನದು. ರಾತ್ರಿ ಪೈಪು ತಣ್ಣಗಾದಾಗ ಅದರೊಳಗೆ ಹನಿಗಟ್ಟಿದ ನೀರು ಡ್ರಮ್ಮಿಗಿಳಿದು, ಸೋಡಾವನ್ನು ಕರಗಿಸಿಕೊಂಡು ತಳದ ನಲ್ಲಿಯಿಂದ ಕಂದು ಬಣ್ಣದಲ್ಲಿ ಸೋರುತ್ತಿತ್ತು. ಮುಟ್ಟಿದರೆ ಬೆರಳು ಜಾರುತ್ತದೆ, ಆಮೇಲೆ ಚರ್ಮ ಉರಿಯುತ್ತದೆ. ಉಳಿದ ಸೋಡಾವನ್ನು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕಾರ್ಬೊನೇಟ್ ಆಗಿಸುತ್ತಾ ಹೋಗುತ್ತದೆ.

ಕಾರ್ಬನ್ ಬದಲಿಸಲು ಮುಚ್ಚಳ ತೆಗೆದಾಗ ಕಾಳುಗಳೆಲ್ಲ ಅಚ್ಚುಬೆಲ್ಲದಂತೆ ಒಂದಕ್ಕೊಂದು ಹಿಡಿದುಕೊಂಡಿದ್ದವು. ಹಾರೆಯಿಂದ ಒಡೆದು ತೆಗೆಯಬೇಕಾಯಿತು. ಕ್ಷಾರದ ಧೂಳು ಕಣ್ಣಿಗೆ ಬೀಳುವ ಅಂಥ ಕೆಲಸವನ್ನು, ಕೈಗವಸು ಕಂಡರೇ ಮುಖ ಸಿಂಡರಿಸುವ ನಮ್ಮ ಆಪರೇಟರ್‌ನಿಂದ ಮತ್ತೆ ಮಾಡಿಸಲು ನನಗೆ ಧೈರ್ಯವಿಲ್ಲ. ಸಾಲದ್ದಕ್ಕೆ ಕಾಸ್ಟಿಕ್ ಉಣಿಸಿದ ಕಾರ್ಬನ್ ಸಾದಾ ಕಾರ್ಬನ್ನಿಗಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳಬಲ್ಲದು. ಕರೆಂಟು ಹೋಗಿ ಬ್ಲೋವರ್ ನಿಂತರೆ ರಾಸಾಯನಿಕ ಕ್ರಿಯೆಯ ಬಿಸಿ ಒಳಗೇ ಉಳಿಯುತ್ತದೆ, ಪಕ್ಕದಲ್ಲೇ ಕಾರುಗಳು ನಿಂತಿರುತ್ತವೆ.

ಅಯೋಡೈಡ್ ಇದೇ ಗಂಧಕದ ಕ್ರಿಯೆಯನ್ನು ವೇಗವರ್ಧಕವಾಗಿ ನಡೆಸುತ್ತದೆ, ಸೋಡಾದಂತೆ ಕಾರ್ಬೊನೇಟ್ ಆಗಿ ವ್ಯರ್ಥವಾಗುವುದಿಲ್ಲ, ಕೈ ಸುಡುವುದಿಲ್ಲ. ಅದೂ ನೀರಿಗೆ ಕರಗುವ ಲವಣವೇ ಆದ್ದರಿಂದ ಡ್ರಮ್ಮಿನ ಮುಂದೆ ನೀರು ಹಿಡಿಯುವ ಟ್ರ್ಯಾಪ್ ಕೂರಿಸಿದ್ದೇವೆ. ಆದರೂ ಗಾಳಿಯಲ್ಲಿ ತೇವ ಇರಬೇಕು, ಪೂರ್ತಿ ಒಣಗಿದರೆ ಕ್ರಿಯೆ ಕುಂಟುತ್ತದೆ. ಗಂಧಕ ರಂಧ್ರ ತುಂಬಿದ ದಿನ ಇದೂ ಮುಗಿಯುತ್ತದೆ.

ಅಮೋನಿಯಾಕ್ಕೆ ಇವೆರಡೂ ಅಲ್ಲ, ಫಾಸ್ಫಾರಿಕ್ ಆಮ್ಲ ಉಣಿಸಿದ ಕಾರ್ಬನ್ ಬೇಕು.

ಕೆಲಸ ಬಲ್ಲ ಗುತ್ತಿಗೆದಾರರು, ತೆರೆದ ಟೆರೇಸು, ಬಿಗಿ ಬಜೆಟ್ಟು ಇರುವವರಿಗೆ ಕಾಸ್ಟಿಕ್ ನಡೆಯುತ್ತದೆ. ಯಾವುದನ್ನು ಕೊಂಡರೂ ಕಾರ್ಬನ್ ಹಾಸಿನ ನಡುವಿಗೊಂದು ಸಣ್ಣ ನಲ್ಲಿ ಹಾಕಿಸಿ, ಹೈಡ್ರೋಜನ್ ಸಲ್ಫೈಡ್ ಅಳೆಯುವ ಮೀಟರ್ ಹಿಡಿದು ನೋಡಬೇಕು. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ) ದಾಟಿದರೆ ಈ ಅನಿಲ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಬರುತ್ತಿಲ್ಲ ಎಂದು ಟ್ಯಾಂಕಿನ ಮುಚ್ಚಳ ತೆರೆಯಬಾರದು.