“ಜಪಾನ್ ಗೇರ್ ಸೆಟ್” ಅಂತ ಆರ್‌ಎಕ್ಸ್ 100 ಪಾರ್ಟು ಮಾರುತ್ತಿದ್ದಾರೆ, ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಯಮಹಾ ಆರ್‌ಎಕ್ಸ್ 100ಗೆ ಐದು ಗೇರ್ ಹಾಕಿಸಬೇಕು, ಬ್ಲಾಕ್‌ಗೆ (ಪಿಸ್ಟನ್ ಓಡಾಡುವ ಸಿಲಿಂಡರ್‌ಗೆ) ಪೋರ್ಟಿಂಗ್ ಮಾಡಿಸಬೇಕು, ಅಂದರೆ ಅದರ ಗೋಡೆಯಲ್ಲಿ ಗಾಳಿ, ಹೊಗೆ ಹೋಗುವ ತೂತುಗಳನ್ನು ದೊಡ್ಡದು ಮಾಡಿಸಬೇಕು ಅಂತ ಪಾರ್ಟು ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನಮ್ಮ ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಹೈವೇಯಲ್ಲಿ ಓಡುತ್ತಿದ್ದ ಗಾಡಿಯ ಹಿಂದಿನ ಚಕ್ರ ಲಾಕ್ ಆಗಿ ನನ್ನ ತಮ್ಮ ರಸ್ತೆಗೆ ಬಿದ್ದ. ಆ ಹೊತ್ತಿಗೆ ಹಿಂದೆ ಲಾರಿ ಬರುತ್ತಿರಲಿಲ್ಲ. ಕೈ ಮೂಳೆ ಮುರಿದು ಅಷ್ಟಕ್ಕೇ ಮುಗಿಯಿತು.

ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. 98 ಸಿಸಿ, 11 ಹಾರ್ಸ್‌ಪವರ್, ನಾಲ್ಕು ಗೇರ್. ಮೊದಮೊದಲ ಗಾಡಿಗಳಿಗೆ ಜಪಾನಿನಿಂದ ಭಾಗಗಳು ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. ಅದಕ್ಕೇ ಇವತ್ತಿಗೂ “ಜಪಾನ್ ಪಾರ್ಟು” ಅಂದ ತಕ್ಷಣ ನಮ್ಮವರ ಕಿವಿ ನೆಟ್ಟಗಾಗುತ್ತದೆ, ಬೆಲೆ ಎರಡು ಪಟ್ಟಾಗುತ್ತದೆ. ಕಂಪನಿಯ ಹಳೇ ಸ್ಟಾಕ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ ಅಂತ ಗುಜರಿ ಸುತ್ತಿದರೂ ಸಿಗುವುದು ಸವೆದ ಮಾಲೇ ಜಾಸ್ತಿ. ಮೋಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಐದು ಗೇರ್ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ಪೋರ್ಟಿಂಗ್ ಮಾಡಿದ ಟೂ ಸ್ಟ್ರೋಕ್ ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ (ಎಂಜಿನ್ ಜೋರಾಗಿ ಸುತ್ತುವಾಗ) ಮಾತ್ರ ಜೋರಾಗಿ ಎಳೆಯುತ್ತದೆ. ನಾಲ್ಕೇ ಗೇರ್ ಇದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಆರ್‌ಪಿಎಂ ಆ ಮಟ್ಟದಿಂದ ಕೆಳಗೆ ಬೀಳುತ್ತದೆ, ಗಾಡಿ ಮಂಕಾಗುತ್ತದೆ. ಐದಾದರೆ ಗೇರ್‌ಗಳ ಅಂತರ ಕಡಿಮೆ, ಎಳೆತ ನಿಲ್ಲುವುದಿಲ್ಲ. ಅದಕ್ಕೇ ಆಮೇಲೆ ಬಂದ ಆರ್‌ಎಕ್ಸ್ 135ರ ಫೈವ್ ಸ್ಪೀಡ್ ಗೇರ್ ಸೆಟ್‌ಗೆ ಇಷ್ಟು ಬೇಡಿಕೆ. ತಮ್ಮನಿಗೂ ಅದೇ ಬೇಕಿತ್ತು.

ಮಾರಿದವನ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಬೇರೆ ರಾಜ್ಯದವನು, ಆನ್‌ಲೈನ್‌ನಲ್ಲಿ ಪರಿಚಯ. “ಸಾರ್, ಇದು ಎನ್‌ಒಎಸ್ ಮಾಲು, ಹಳೇ ಡೀಲರ್ ಗೋಡೌನ್‌ನಿಂದ ತೆಗೆದದ್ದು. ಇನ್ನೊಬ್ಬರು ಕಾಯ್ತಾ ಇದ್ದಾರೆ, ಇವತ್ತೇ ಅಮೌಂಟ್ ಹಾಕಿಬಿಡಿ” ಅಂದ. ಎನ್‌ಒಎಸ್ ಅಂದರೆ ಹಳೇ ಕಾಲದ್ದು, ಆದರೆ ಬಳಸದೆ ಇಟ್ಟದ್ದು. ಗೇರ್ ಸೆಟ್, ಗೇರ್ ಬದಲಿಸುವ ಶಿಫ್ಟ್ ಡ್ರಮ್ ಮತ್ತು ಶಿಫ್ಟ್ ಫೋರ್ಕ್, ಜೊತೆಗೆ ಪೋರ್ಟಿಂಗ್ ಮಾಡಿದ ಬ್ಲಾಕ್, ಎಲ್ಲ ಸೇರಿ 32,000 ರೂಪಾಯಿ ತೆಗೆದುಕೊಂಡ.

ಬ್ಲಾಕ್‌ನ ಮೋಸ ಗಾಡಿಗೆ ಹಾಕುವ ಮುಂಚೆಯೇ ಗೊತ್ತಾಯಿತು. ನಮ್ಮ ಮೆಕ್ಯಾನಿಕ್ ಭಾಯ್ ಒಳಗೆ ಬೆರಳು ಆಡಿಸಿದರು, “ನೋಡಿ ಸಾರ್, ಬ್ಲೇಡ್ ಥರ ಇದೆ” ಅಂದರು. ಪೋರ್ಟ್‌ನ ಅಂಚನ್ನು ಸ್ವಲ್ಪವೂ ಉಜ್ಜಿರಲಿಲ್ಲ. ಆ ಚೂಪು ಹಾಗೇ ಉಳಿದರೆ ಪಿಸ್ಟನ್ ರಿಂಗು ಅಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ಟಾರ್ಚ್ ಬಿಟ್ಟು ನೋಡಿದಾಗ ಇನ್ನೊಂದು ವಿಷಯ ಕಂಡಿತು. ಯಾವುದೋ ಸತ್ತ ಬ್ಲಾಕ್‌ಗೆ ಹೊಸ ಸ್ಲೀವ್ (ಪಿಸ್ಟನ್ ಓಡಾಡುವ ಒಳಗಿನ ಕೊಳವೆ) ಹೊಡೆದಿದ್ದರು. ಸ್ಲೀವ್‌ನ ತೂತು ಒಂದು ಕಡೆ, ಹೊರಗಿನ ಅಲ್ಯುಮಿನಿಯಂ ದಾರಿ ಇನ್ನೊಂದು ಕಡೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟನ್ನು ಮಾತ್ರ ಮನಸ್ಸಿಗೆ ಬಂದಷ್ಟು ಅಗಲ ಮಾಡಿದ್ದರು. ಪೋರ್ಟಿನ ಅಗಲ ಬೋರ್‌ನ (ಸಿಲಿಂಡರ್ ಒಳಗಿನ ವ್ಯಾಸದ) ಮೂರರಲ್ಲಿ ಎರಡು ಭಾಗ ದಾಟಿದರೆ ರಿಂಗಿಗೆ ಆಧಾರವೇ ಇರುವುದಿಲ್ಲ. ವಾಪಸ್ ತಗೊಳ್ಳಿ ಅಂದರೆ “ಎಂಜಿನ್ ಪಾರ್ಟು ರಿಟರ್ನ್ ಇಲ್ಲ ಸಾರ್” ಅಂತ ಫೋನ್ ಇಟ್ಟ.

ಗೇರ್ ಸೆಟ್ ನೋಡಲು ತುಂಬ ಚೆನ್ನಾಗಿತ್ತು. ಹಲ್ಲುಗಳು ಸರಿಯಾಗಿದ್ದವು, ಎಣ್ಣೆ ಸವರಿದ ಕವರ್, ಸ್ಟಿಕ್ಕರ್ ಎಲ್ಲ ಇತ್ತು. ಹಾಕಿದ ಮೇಲೆ ಸ್ವಲ್ಪ ದಿನ ಗಾಡಿ ಚೆನ್ನಾಗೇ ಓಡಿತು. ಆಮೇಲೆ ಎಳೆತದಲ್ಲಿ ಮೂರನೇ ಗೇರ್ ಒಮ್ಮೆ ಜಾರಿತು. ಸರಿ, ತೋರಿಸೋಣ ಅಂತ ತಮ್ಮ ಗ್ಯಾರೇಜಿಗೆ ಹೊರಟಿದ್ದ. ದಾರಿಯಲ್ಲೇ ಚಕ್ರ ಹಿಡಿದುಬಿಟ್ಟಿತು.

ಎಂಜಿನ್ ಬಿಚ್ಚಿದಾಗ ನಿಜ ಗೊತ್ತಾಯಿತು. ಒಂದು ಗೇರ್ ಪಕ್ಕದ ಗೇರನ್ನು ಹಿಡಿಯುವುದು ಬದಿಯಲ್ಲಿರುವ ಡಾಗ್ ಎಂಬ ಗಟ್ಟಿ ಉಬ್ಬುಗಳಿಂದ. ಇವುಗಳ ಮೂಲೆ ಸವೆದು ದುಂಡಗಾದರೆ ಗೇರ್ ಜಾರುತ್ತದೆ. ಇವನು ಸವೆದ ಡಾಗ್‌ಗಳ ಮೇಲೆ ವೆಲ್ಡಿಂಗ್ ತುಂಬಿ, ಗ್ರೈಂಡ್ ಮಾಡಿ, ಕಪ್ಪು ಬಣ್ಣ ಕೊಟ್ಟು ಮಾರಿದ್ದ. ಗೇರ್‌ನ ಹೊರಪದರವನ್ನು ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ, ಒಳಗಿನ ಉಕ್ಕು ಮೆತ್ತಗಿದ್ದು ಪೆಟ್ಟು ತಡೆಯುತ್ತದೆ. ವೆಲ್ಡಿಂಗ್‌ನ ಬಿಸಿಗೆ ಆ ಗಟ್ಟಿತನ ಹೋಯಿತು. ಉಬ್ಬಿನ ಒಂದು ತುಂಡು ಕಿತ್ತು ಎರಡು ಗೇರ್‌ಗಳ ಹಲ್ಲಿನ ಮಧ್ಯೆ ಸಿಕ್ಕಿಕೊಂಡಿತ್ತು. ಕ್ಲಚ್ ಹಿಡಿದರೂ ಪ್ರಯೋಜನ ಇಲ್ಲ, ಯಾಕೆಂದರೆ ಲಾಕ್ ಆಗಿದ್ದು ಕ್ಲಚ್ ಆದ ಮೇಲೆ ಚಕ್ರದ ಕಡೆಗೆ ಬರುವ ಭಾಗ. ಪಿಸ್ಟನ್ ಸೀಜ್ ಆದರೆ (ಸಿಲಿಂಡರ್‌ನಲ್ಲೇ ಕಚ್ಚಿಕೊಂಡರೆ) ಕ್ಲಚ್ ಹಿಡಿದು ಗಾಡಿ ಉಳಿಸಿಕೊಳ್ಳಬಹುದು, ಗೇರ್‌ಬಾಕ್ಸ್ ಹಿಡಿದರೆ ಅದೂ ಇಲ್ಲ. ಇಂಥದ್ದನ್ನು ಗೊತ್ತಿದ್ದೂ ಮಾರುವವನ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಹಾಗಾಗಿ ಗೇರ್ ಕೈಗೆ ಬಂದ ತಕ್ಷಣ ಡಾಗ್ ಮೇಲೆ ಸಣ್ಣ ಅರ (ಫೈಲ್) ಇಟ್ಟು ಉಜ್ಜಿ. ಒಳ್ಳೇ ಗೇರ್ ಮೇಲೆ ಅರ ಜಾರುತ್ತದೆ, ಕಚ್ಚಿದರೆ ಅದು ಮೆತ್ತಗಿದೆ ಅಂತ ಅರ್ಥ. ಹತ್ತಿರದಲ್ಲಿ ಟೂಲ್ ರೂಮ್ ಇದ್ದರೆ ಗಟ್ಟಿತನ ಅಳೆಸಿ. ಇಂಥ ಗೇರ್‌ಗಳು ಸಾಮಾನ್ಯವಾಗಿ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 62 ಇರುತ್ತವೆ. ನಮ್ಮದು 40 ಕೂಡ ಮುಟ್ಟಲಿಲ್ಲ.

ಸ್ಟಿಕ್ಕರ್ ಮೇಲಿನ ನಂಬರ್ ಕೂಡ ನೋಡಿ. ಯಮಹಾ ಪಾರ್ಟ್ ನಂಬರಿನ ಮೊದಲ ಮೂರು ಅಕ್ಷರ ಮಾಡೆಲ್‌ದು, ಮಧ್ಯದ ಐದು ಅಂಕೆ ಅದು ಯಾವ ಭಾಗ ಅನ್ನುವುದು. ಗೇರ್‌ಗಳ ಮಧ್ಯದ ನಂಬರ್ 17ರಿಂದ ಶುರುವಾಗುತ್ತದೆ, ಸ್ಟ್ಯಾಂಡರ್ಡ್ ಪಿಸ್ಟನ್‌ದು 11631. ನಮ್ಮ ಗೇರ್ ಬಂದ ಕವರ್ ಮೇಲೆ ಇದ್ದದ್ದು 11631! ಒಂದೇ ಸ್ಟಿಕ್ಕರನ್ನು ಪ್ರಿಂಟ್ ಹಾಕಿಸಿ ಸಿಕ್ಕಿದ್ದಕ್ಕೆಲ್ಲ ಅಂಟಿಸುತ್ತಾನೆ ಅಂತ ಕಾಣುತ್ತದೆ.

ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಹೊರಪೆಟ್ಟಿಗೆ) ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಎಂಜಿನ್ ನಂಬರ್ ಇರುವುದು ಅದರ ಮೇಲೇ. ಆರ್‌ಎಕ್ಸ್ ಗಾಡಿಗಳು ಕಳುವಾಗುವುದು ನಿಮಗೆ ಗೊತ್ತೇ ಇದೆ. ಆ ನಂಬರಿನ ಕಾಗದ ಕೊಡದವನ ಹತ್ತಿರ ಎಷ್ಟು ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

ಪಾರ್ಸೆಲ್ ಬಿಚ್ಚುವುದನ್ನು ವಿಡಿಯೋ ಮಾಡಿ, ಚಾಟ್, ಬಿಲ್, ದುಡ್ಡು ಕಳಿಸಿದ ದಾಖಲೆ ಅಳಿಸಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ನಾವು ದೂರು ಕೊಟ್ಟಾಗ ಮೊದಲು ಕೇಳಿದ್ದು ಇವನ್ನೇ. ದುಡ್ಡು ತಗೊಂಡು ಮಾಲೇ ಕಳಿಸದಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯಾರಾದರೂ ನಿಮಗೆ ಫೈವ್ ಸ್ಪೀಡ್ ಸೆಟ್ ಕೊಡುತ್ತೇನೆ ಅಂದಿದ್ದರೆ ಸ್ಟಿಕ್ಕರ್ ಮತ್ತು ಡಾಗ್‌ಗಳ ಹತ್ತಿರದ ಫೋಟೋ ಕಳಿಸಿ. ನಮ್ಮ ಹತ್ತಿರ ಇರುವುದರ ಜೊತೆ ಹೋಲಿಸಿ ಹೇಳುತ್ತೇನೆ.