ಪೈಪ್‌ಲೈನ್ ಭೂಕಂಪ ಅಪಾಯದ ವರದಿ: ಸದ್ಯಕ್ಕೆ ಐದಕ್ಕೆ ಮೂರು

ನೀರು ಸರಬರಾಜಿನ ನಿರ್ವಹಣೆ ನನ್ನ ಕೆಲಸ. ಭೂಕಂಪವಾದರೆ ನೆಲದಡಿಯ ಪೈಪ್ ಎಲ್ಲೆಲ್ಲಿ ಒಡೆಯಬಹುದು ಎಂದು ಲೆಕ್ಕ ಹಾಕಿಕೊಡುವ ಒಂದು ಕನ್ಸಲ್ಟೆನ್ಸಿಯಿಂದ ವರದಿ ಮಾಡಿಸಿದೆವು. ಹೆಸರು ಬೇಡ. ಇಂಥ ವರದಿ ಮಾಡಿಸಲು ಹೊರಟವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲ ವರದಿ ನೋಡೋಕೆ ಚೆಂದ. ಕೆಂಪು, ಹಳದಿ, ಹಸಿರು ಗೆರೆಗಳ ದೊಡ್ಡ ನಕ್ಷೆ. ಆದರೆ ತೊರೆ ದಾಟುವ ನಮ್ಮ ಹಳೇ ಮುಖ್ಯ ಲೈನಿಗೆ ಹಸಿರು! ಅಲ್ಲಿ ಗುಂಡಿ ತೋಡಿದರೆ ಅರ್ಧ ಗಂಟೆಯಲ್ಲಿ ನೀರು ತುಂಬುತ್ತದೆ, ಬದಿಯ ಮರಳು ಕುಸಿಯುತ್ತದೆ. ವಾಲ್ವ್‌ಮನ್ ನಕ್ಷೆ ನೋಡಿ ನಕ್ಕೇಬಿಟ್ಟ. "ಸಾರ್, ಇವರು ಅಲ್ಲಿಗೆ ಹೋಗೇ ಇಲ್ಲ." ನಿಜಕ್ಕೂ ಹೋಗಿರಲಿಲ್ಲ.

ಅವರ ಸೂತ್ರದಲ್ಲಿ ತಪ್ಪಿಲ್ಲ. 2001ರಲ್ಲಿ ಅಮೆರಿಕನ್ ಲೈಫ್‌ಲೈನ್ಸ್ ಅಲಯನ್ಸ್ (ನೀರು, ವಿದ್ಯುತ್‌ನಂಥ ಜಾಲಗಳ ಸುರಕ್ಷತೆಗೆ ಮಾರ್ಗಸೂಚಿ ಮಾಡಿದ ಅಮೆರಿಕದ ಸಂಸ್ಥೆ) ಕೊಟ್ಟದ್ದನ್ನೇ ಬಳಸಿದ್ದರು. ಆದರೆ ಅದರಲ್ಲಿ ಎರಡು ಭಾಗ ಇದೆ: ನೆಲ ಬರೀ ಅಲುಗಿದರೆ ಎಷ್ಟು ಒಡೆತ, ನೆಲವೇ ಜಾರಿದರೆ ಎಷ್ಟು. ಇವರು ಮೊದಲನೆಯದನ್ನು ಮಾತ್ರ ಹಾಕಿ ಕೈತೊಳೆದುಕೊಂಡಿದ್ದರು. ನಾನೇ ಕೂತು ಕ್ಯಾಲ್ಕುಲೇಟರ್ ಒತ್ತಿದೆ. ಸಿಮೆಂಟ್ ಜಾಯಿಂಟಿನ ಸಿ.ಐ. (ಹಳೇ ಕಾಲದ ಎರಕದ ಕಬ್ಬಿಣ) ಪೈಪಿಗೆ, ನೆಲ ಸೆಕೆಂಡಿಗೆ 30 ಸೆಂ.ಮೀ. ವೇಗದಲ್ಲಿ ಅಲುಗಿದರೆ, ಕಿಲೋಮೀಟರಿಗೆ ಸುಮಾರು 0.07 ರಿಪೇರಿ. ಅದೇ ಪೈಪಿನ ಕೆಳಗೆ ನೆಲ 25 ಸೆಂ.ಮೀ. ಜಾರಿದರೆ ಸುಮಾರು 7. ನೂರು ಪಟ್ಟು! ನೀರು ಕುಡಿದ ಸಡಿಲ ಮರಳು ಭೂಕಂಪದಲ್ಲಿ ಕೆಸರಿನ ಹಾಗಾಗಿ ಹರಿದುಬಿಡುತ್ತದೆ. ನಮ್ಮ ತೊರೆ ಬದಿ ಇರುವುದು ಅದೇ ಮರಳು. 1906ರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಣ್ಣು ತುಂಬಿಸಿದ ಜೌಗು ಜಾಗದಲ್ಲೇ ಪೈಪ್‌ಗಳು ಹೆಚ್ಚು ಒಡೆದದ್ದು. ಆಮೇಲೆ ಬೆಂಕಿ ಆರಿಸಲು ನೀರೇ ಇರಲಿಲ್ಲ.

ಜಗಳ ಆಡಿದ ಮೇಲೆ ಒಬ್ಬ ಹುಡುಗಿಯನ್ನು ಕಳಿಸಿದರು. ಹೊಸ ಎಂಜಿನಿಯರ್, ಆದರೆ ಕೆಲಸ ಗೊತ್ತು. ಮೂರು ಸ್ಟಾರ್ ಇವಳಿಗಾಗಿಯೇ. ಬಂದವಳೇ ಹಳೇ ಬೋರ್‌ಹೋಲ್ ದಾಖಲೆ ಕೇಳಿದಳು, ಅಂತರ್ಜಲ ಎಷ್ಟು ಆಳದಲ್ಲಿದೆ ಎಂದು ಕೇಳಿದಳು, ಆಮೇಲೆ "ಒಂದು ಕಡೆ ಅಗೆದು ನೋಡೋಣವಾ ಸಾರ್" ಎಂದಳು. ನಮ್ಮ ರಿಜಿಸ್ಟರಿನಲ್ಲಿ ಆ ಲೈನ್ ಡಿ.ಐ. (ಡಕ್ಟೈಲ್ ಐರನ್, ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ), ರಬ್ಬರ್ ರಿಂಗ್ ಜಾಯಿಂಟ್ ಎಂದಿದೆ. ಅಗೆದು, ಮಣ್ಣು ಕೆರೆದು, ಸುತ್ತಿಗೆಯಲ್ಲಿ ತಟ್ಟಿದಾಗ ಗಂಟೆಯ ಹಾಗೆ ಮೊಳಗಲಿಲ್ಲ, ಮಂಕಾಗಿ ಟಕ್ ಎಂದಿತು. ಸಣ್ಣ ಡ್ರಿಲ್ ಹಾಕಿದಾಗ ಕರಿ ಪುಡಿ ಉದುರಿತು. ಡಿ.ಐ. ಆಗಿದ್ದರೆ ಲೋಹ ಸುರುಳಿಯಾಗಿ ಬರಬೇಕಿತ್ತು. ಜಾಯಿಂಟಿಗೆ ತುಂಬಿದ್ದದ್ದು ಸಿಮೆಂಟ್. ಅಂದರೆ ಅದು ಸಿ.ಐ. ಪೈಪೇ. ತಪ್ಪು ನಮ್ಮದೇ, ಒಪ್ಪಿಕೊಳ್ಳಬೇಕು. ಆ ಒಂದು ತಪ್ಪು ನಮೂದಿನಿಂದಲೇ ಸೂತ್ರದಲ್ಲಿ ಅಪಾಯ ಅರ್ಧಕ್ಕೆ ಇಳಿದಿತ್ತು.

ಎರಡನೇ ವರದಿಯಲ್ಲಿ ತೊರೆಯ ಲೈನ್ ಕೆಂಪಾಯಿತು. ಜೊತೆಗೆ ಎಲ್ಲಿ ಸೋರಿಕೆ, ಎಲ್ಲಿ ಪೂರ್ತಿ ಮುರಿತ ಎಂದು ಬಿಡಿಸಿದ್ದಾಳೆ. ಹ್ಯಾಜಸ್ (Hazus, ವಿಪತ್ತಿನ ಹಾನಿ ಅಂದಾಜಿಸಲು ಅಮೆರಿಕ ಸರ್ಕಾರ ಮಾಡಿದ್ದು) ಪದ್ಧತಿ ಪ್ರಕಾರ ಬರೀ ಅಲುಗಾಟದಿಂದ ಆಗುವ ಹಾನಿಯಲ್ಲಿ 80% ಸೋರಿಕೆ, 20% ಮುರಿತ. ನೆಲ ಜಾರಿದರೆ ಇದು ತಲೆಕೆಳಗು. ನಮಗೆ ಇದೇ ಮುಖ್ಯ ಅಲ್ವಾ? ಸೋರಿಕೆಗೆ ಕ್ಲ್ಯಾಂಪ್ ಹಾಕಿದರೆ ಸಾಕಾಗುತ್ತದೆ. ಮುರಿತಕ್ಕೆ ವಾಲ್ವ್ ಮುಚ್ಚಿ, ತುಂಡು ಕತ್ತರಿಸಿ, ಹೊಸ ಪೈಪ್ ಕೂರಿಸಬೇಕು. ಸ್ಟೋರಿನಲ್ಲಿ ಏನು ಇಟ್ಟುಕೊಳ್ಳಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಬದಲಿ ಪೈಪಿನ ಸಲಹೆ ಮಾತ್ರ ಒಂದೇ ಸಾಲು: "ಸೂಕ್ತ ಪೈಪ್ ಬಳಸಿ." ಸುಮ್ನೆ ಬರೆದದ್ದು. 2011ರ ಕ್ರೈಸ್ಟ್‌ಚರ್ಚ್ ಭೂಕಂಪದಲ್ಲಿ ಕೆಸರಾದ ನೆಲದಲ್ಲೂ ಪಾಲಿಎಥಿಲೀನ್ ಪೈಪ್‌ಗಳು ಚೆನ್ನಾಗಿ ತಡೆದುಕೊಂಡವು. ಜಾಯಿಂಟ್ ಹಿಗ್ಗಿ ಕುಗ್ಗಿದರೂ ಕಳಚದ ಡಿ.ಐ. ಪೈಪ್‌ಗಳನ್ನು ಜಪಾನಿನವರು ದಶಕಗಳಿಂದ ಹಾಕುತ್ತಿದ್ದಾರೆ. ಇಷ್ಟಾದರೂ ಬರೆಯಬಹುದಿತ್ತು.

ತೊರೆಯ ಎರಡೂ ಬದಿ ಯಾವ ವಾಲ್ವ್ ಮುಚ್ಚಿದರೆ ಉಳಿದ ಊರಿಗೆ ನೀರು ಉಳಿಯುತ್ತದೆ ಎಂಬ ಪಟ್ಟಿ ಕೇಳಿದ್ದೇನೆ. ಇನ್ನೂ ಬಂದಿಲ್ಲ. ಬಂದ ದಿನ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.